ಯಾರೂ ನೋಡಿರದ ದೃಶ್ಯ

"ಆ ದೃಶ್ಯ ಇಲ್ಲವೇ ಇಲ್ಲ."

ಇನ್ಸ್‌ಪೆಕ್ಟರಮ್ಮ ಅಷ್ಟು ಹೇಳಿ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದಳು. ಸುತ್ತುತ್ತಿದ್ದ ಕ್ಯಾಸೆಟ್ಟು ಟಕ್ಕನೆ ನಿಂತಿತು. ಟಿ.ವಿ. ರಿಪೇರಿ ಅಂಗಡಿಯ ಮೇಲಿನ ಆ ಇಕ್ಕಟ್ಟು ಕೋಣೆಯಲ್ಲಿ ಕೂತಿದ್ದವರೆಲ್ಲ ಕಣ್ಣು ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದರು. ನಿಮ್ಮ ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲವೇನೋ.

"ಇಲ್ಲ ಅಂದ್ರೆ ಏನರ್ಥ ಮೇಡಂ?" ಬ್ಯಾಂಕಿನ ಅಕ್ಕ ಕುರ್ಚಿಯ ತುದಿಗೆ ಜರುಗಿದಳು. "ಮೂರು ಸೀಸನ್ನೂ ನಾವು ಅರೆದು ಕುಡಿದಿದ್ದೀವಿ. ನಮಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಾಗಿಬಿಡ್ತಾ?"

"ಈ ವಾರವೆಲ್ಲ ನಾನೂ ಅರೆದು ಕುಡಿದೆ ಅಕ್ಕ. ನಮ್ಮತ್ತೆಯವರ ಪಕ್ಕದಲ್ಲೇ ಕೂತು, ಮೊದಲಿಂದ ಕಡೇತನಕ. ನಿಮ್ಮ ಕರಿಕೋಟು ಕಿಟಕಿ ಪಕ್ಕ ನಿಂತು ನಿಟ್ಟುಸಿರು ಬಿಟ್ಟಿದ್ದಷ್ಟನ್ನೂ ನೋಡಿದ್ದೀನಿ. ಈ ಕ್ಯಾಸೆಟ್ಟಲ್ಲಿ ಡ್ರೈವರಣ್ಣ ಹೇಳಿರೋ ದೃಶ್ಯ ಮಾತ್ರ ಎಲ್ಲೂ ಬರಲಿಲ್ಲ."

ಬಾಗಿಲ ಹತ್ತಿರ ಬೆತ್ತದ ಕುರ್ಚಿಯಲ್ಲಿದ್ದ ಅತ್ತೆ ಹೆಣಿಗೆಯಿಂದ ತಲೆ ಎತ್ತಲಿಲ್ಲ.

ಕರಿಕೋಟು ಎಂದರೆ ಇವರೆಲ್ಲ ಹಗಲೂ ಇರುಳೂ ಜಪಿಸುವ ಟಿ.ವಿ. ಧಾರಾವಾಹಿಯ ನಾಯಕ. ನಾನೂರು ವರ್ಷದಿಂದ ಸಾಯದೆ ಬದುಕಿರುವ, ಮನುಷ್ಯರ ರಕ್ತ ಹೀರುವ ವ್ಯಾಂಪೈರ್. ಮೊದಲ ಸೀಸನ್ನಿನಲ್ಲಿ ಒಬ್ಬ ದಾದಿಯ ಅಣ್ಣನನ್ನು ಕತ್ತು ಕಚ್ಚಿ ಕೊಂದ. ಆಮೇಲೆ ಅದೇ ದಾದಿಯ ಮೇಲೆ ಜೀವ ಇಟ್ಟ. ಮಾಡಿದ್ದಕ್ಕೆ ಕೊರಗುತ್ತ, ಮುಖ ಗಂಟು ಹಾಕಿಕೊಂಡು ಮಿಕ್ಕ ಕಂತುಗಳನ್ನೆಲ್ಲ ಕಳೆದ. ಅವನನ್ನು ಕ್ಷಮಿಸಬಹುದೇ? ಆ ಹುಡುಗಿ ಅವನ ಕೈ ಹಿಡಿಯಬಹುದೇ? ಇದಕ್ಕಾಗಿ ಪ್ರತಿ ಭಾನುವಾರ ಮಧ್ಯಾಹ್ನ ಈ ಕೋಣೆಯಲ್ಲಿ ಕ್ಷಮಾಪಕ್ಷ, ಶಿಕ್ಷಾಪಕ್ಷ ಎಂದು ಎರಡಾಗಿ ಒಡೆದು ಗಂಟಲು ಹರಿದುಕೊಳ್ಳುತ್ತಿದ್ದರು.

ಶಿಕ್ಷಾಪಕ್ಷಕ್ಕೆ ಟೈಲರಕ್ಕನೇ ಮುಂದಾಳು. ಹೋದ ಭಾನುವಾರ ಅವಳು ಬರಲಿಲ್ಲ. ಅವತ್ತು ಸಂಜೆ ಅವಳ ಅಂಗಡಿಯ ಹಿಂದಿನ ಇಸ್ತ್ರಿ ಕೋಣೆಯಲ್ಲಿ, ಇದ್ದಲ ಹೊಗೆ ಕುಡಿದು ಪ್ರಜ್ಞೆ ತಪ್ಪಿ ಬಿದ್ದ ಸ್ಥಿತಿಯಲ್ಲಿ ಸಿಕ್ಕಿದಳು. ಹಿಂದಿನ ದಿನ ಸಂಜೆ ಯಾರೋ ಹೊರಗಿನಿಂದ ಚಿಲಕ ಹಾಕಿ ಹೋಗಿದ್ದರು. ಈಗ ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಳೆ. ಅವಳ ತಮ್ಮ, ಅದೇ ಅಂಗಡಿಯ ಕಟಿಂಗ್ ಮಾಸ್ಟರ್, ಲಾಕಪ್ಪಿನಲ್ಲಿದ್ದಾನೆ. ಕೋರ್ಟು ಕೊಟ್ಟ ಪೊಲೀಸ್ ಕಸ್ಟಡಿ ಮುಗಿಯಿತು, ಬೆಳಗಾದರೆ ಅವನನ್ನು ಕೊಲೆಯತ್ನದ ಆರೋಪದ ಮೇಲೆ ಮತ್ತೆ ಕೋರ್ಟಿಗೆ ಒಪ್ಪಿಸಬೇಕು.

ಅವನ ಕೈಗೆ ಬೇಡಿ ಹಾಕಿದವಳು ಇನ್ಸ್‌ಪೆಕ್ಟರಮ್ಮನೇ. ಬಾಗಿಲು ತೆಗೆದು ಅಕ್ಕನನ್ನು ಮೊದಲು ನೋಡಿದವನು ಅವನು. ಅಂಗಡಿಯ ಕೀಲಿ ಇದ್ದದ್ದು ಅವನ ಹತ್ತಿರ. ಶನಿವಾರ ಅಕ್ಕ ತಮ್ಮ ಕತ್ತರಿ ಎಸೆದಾಡುವಷ್ಟು ಜಗಳ ಆಡಿದರು ಎಂದು ಇನ್ಸ್‌ಪೆಕ್ಟರಮ್ಮನ ಗಂಡನೂ ಹೇಳಿದ್ದ. ಊರಿನ ಹೊಲಿಗೆ ಮಿಷನ್ನುಗಳನ್ನೆಲ್ಲ ರಿಪೇರಿ ಮಾಡುವವನು ಅವನು, ಎಲ್ಲ ಟೈಲರ್ ಅಂಗಡಿಗಳ ಒಳಹೊರಗು ಬಲ್ಲವನು. ಸಾಕಲ್ಲ ಎನ್ನಿಸಿತ್ತು.

ಆಮೇಲೆ ಈ ಕ್ಯಾಸೆಟ್ಟು ಕೈಗೆ ಬಂತು.

ವಾದ ಮುಗಿದ ಮೇಲೆ 'ನಾನು ಹಾಗೆ ಹೇಳೇ ಇಲ್ಲ' ಎಂದು ಜಾರಿಕೊಳ್ಳುವವರ ಬಾಯಿ ಮುಚ್ಚಿಸಲು ರಿಪೇರಿ ಮಾವ ಪ್ರತಿ ವಾರದ ಮಾತನ್ನೂ ಟೇಪಿನಲ್ಲಿ ಹಿಡಿದಿಡುತ್ತಿದ್ದರು. ಕೆಳಗಿನ ಅಂಗಡಿಯೂ ಅವರದೇ, ಈ ಕೋಣೆಯೂ ಅವರದೇ. ಟೈಲರಕ್ಕನ ಬಗ್ಗೆ ಯಾರು ಏನು ಅಂದಿದ್ದಾರೆ ನೋಡೋಣ ಎಂದು ಕೇಳಲು ಕೂತ ಇನ್ಸ್‌ಪೆಕ್ಟರಮ್ಮನ ಕಿವಿಗೆ ಬಿದ್ದದ್ದೇ ಬೇರೆ.

ಈಗ ಅವಳು ಕ್ಯಾಸೆಟ್ಟನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಶಾಲೆ ಬಸ್ಸಿನ ಡ್ರೈವರಣ್ಣನ ದಪ್ಪ ದನಿ ಕೋಣೆಯನ್ನು ತುಂಬಿತು.

"ಒಪ್ಪಿದೆ, ಅವನು ಪಾಪಿ! ಹೊರಗಿಂದ ಚಿಲಕ ಹಾಕಿದ. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿದ. ಆದರೆ ಬೀದಿ ತಿರುವಿನ ತನಕ ಹೋದವನಿಗೆ ಮುಂದಕ್ಕೆ ಕಾಲೇ ಏಳಲಿಲ್ಲ. ವಾಪಸ್ ಬಂದ. ಮಂಡಿ ಊರಿ ಕೂತ. ತಾನೇ ತುರುಕಿದ ಬಟ್ಟೇನ ತಾನೇ ಎಳೆದ. ಒಳಗಿರೋಳಿಗೆ ಉಸಿರಾಡೋಕೆ ಗಾಳಿ ಬಿಟ್ಟ! ಪೂರಾ ಕೆಟ್ಟವನಾಗಿದ್ರೆ ಮಂಡಿ ಊರ್ತಿದ್ನಾ, ನೀವೇ ಹೇಳಿ?"

ಟೇಪಿನಲ್ಲಿ ಚಪ್ಪಾಳೆ. ಯಾರೋ ಮೂಗು ಒರೆಸಿಕೊಂಡ ಸದ್ದು. ಇನ್ಸ್‌ಪೆಕ್ಟರಮ್ಮ ಮತ್ತೆ ನಿಲ್ಲಿಸಿದಳು.

"ಎರಡನೇ ಸೀಸನ್ನಲ್ಲಿ ಅವನು ದಾದೀನ ನೆಲಮಾಳಿಗೇಲಿ ಕೂಡಿ ಹಾಕ್ತಾನೆ, ಸರಿ. ಅಲ್ಲಿ ಬಟ್ಟೆ ಇಲ್ಲ. ವಾಪಸ್ ಬರೋದೂ ಇಲ್ಲ. ಟೀಚರ್, ನೀವು ನೋಡಿದ್ದೀರಾ ಇದನ್ನ?"

ಕನ್ನಡಕದ ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಅವಳೂ ಶಿಕ್ಷಾಪಕ್ಷದವಳು, ನಾಲಗೆ ಚೂಪು. "ನೋಡಿರಬೇಕು... ನೋಡಿದ ಹಾಗೆ ನೆನಪು."

"ಹಾಗೆ ನೆನಪು ಅಂದ್ರೆ?"

"ಅಲ್ಲ, ಡ್ರೈವರಣ್ಣ ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ. ನಾನು ಎಲ್ಲೋ ತಪ್ಪಿಸಿಕೊಂಡಿರಬೇಕು ಅಂದ್ಕೊಂಡೆ. ಎಲ್ಲರೂ ತಲೆ ಆಡಿಸ್ತಿದ್ರು."

"ನೀನು ಆಡಿಸ್ತಿದ್ದೀಯ ಅಂತ ನಾನು ಆಡಿಸಿದ್ದು!" ಬ್ಯಾಂಕಿನ ಅಕ್ಕನ ಮುಖ ಕೆಂಪಾಯಿತು. "ನಾನು ನೋಡಿಲ್ಲ ಅಂದಿದ್ರೆ ನೀನು ಬಿಡ್ತಿದ್ಯಾ? ವರ್ಷವೆಲ್ಲ ಆಡಿಕೊಂಡು ನಗ್ತಿದ್ದೆ."

"ನೀವು ಮಾವ?"

ರಿಪೇರಿ ಮಾವ ಬೋಳುತಲೆ ಸವರಿಕೊಂಡರು. "ಉದ್ದದ ಪ್ರತಿ ಅಂತ ಇನ್ನೊಂದು ಇದೆಯಂತಲ್ಲಮ್ಮ, ಟಿ.ವಿ.ಲಿ ಕತ್ತರಿಸಿ ಹಾಕ್ತಾರಂತೆ. ಅದರಲ್ಲಿ ಇರಬಹುದು ಅಂದ್ಕೊಂಡೆ. ಈ ಸಂಘ ಕಟ್ಟಿದೋನೇ ನಾನು. ನಾನೇ ನೋಡಿಲ್ಲ ಅಂದ್ರೆ ಮರ್ಯಾದೆ ಏನು ಉಳೀತು?"

ಇನ್ಸ್‌ಪೆಕ್ಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ಜನರಲ್ಲಿ ಒಬ್ಬರಾದರೂ 'ಇದು ಎಲ್ಲಿ ಬರುತ್ತದೆ ಸ್ವಾಮಿ' ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಯಾವ ಕೂಟದಲ್ಲಾದರೂ ಕೇಳುತ್ತಿದ್ದರು. ಇಲ್ಲಿ ಮಾತ್ರ, ನಾನು ನೋಡಿಲ್ಲ ಎನ್ನುವುದಕ್ಕಿಂತ ನಾಲಗೆ ಕಚ್ಚಿಕೊಂಡು ಸಾಯುವುದೇ ಮೇಲು.

"ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ," ಟೀಚರ್ ಕನ್ನಡಕ ಏರಿಸಿದಳು. "ಅವತ್ತು ಏನೇ ಅಂದಿರಲಿ, ಈಗ ಹೇಳ್ತೀನಿ. ಬಟ್ಟೆ ಎಳೆದ ಮಾತ್ರಕ್ಕೆ ದೇವರಾಗಿಬಿಡ್ತಾನಾ?"

"ದೇವರು ಅಂತ ಯಾರಂದ್ರು? ತಿದ್ದಿಕೊಳ್ತಿದ್ದಾನೆ ಅಂದೆವು," ಎಂದಳು ಬ್ಯಾಂಕಿನ ಅಕ್ಕ.

"ಏನ್ ತಿದ್ದಿಕೊಂಡ? ಮುಖ ಊದಿಸ್ಕೊಂಡು ಕಿಟಕಿ ಹತ್ರ ನಿಂತ್ರೆ ಪಶ್ಚಾತ್ತಾಪವಾ? ಹಾಗಾದ್ರೆ ನಿಮ್ಮ ಮ್ಯಾನೇಜರಿಗೆ ಒಂದು ಗುಡಿ ಕಟ್ಟಿಸು."

"ನಮ್ಮ ಮ್ಯಾನೇಜರ್ ವಿಷಯ ತರಬೇಡ. ನಮ್ಮನೆಯವರನ್ನೇ ತಗೋ, ರಕ್ತ ಕುಡಿಯಲ್ಲ, ಯಾರ ಕತ್ತನ್ನೂ ಕಚ್ಚಿಲ್ಲ. ಆದ್ರೂ ಮದುವೆಯಾದಾಗಿನಿಂದ ಒಂದು ದಿನ 'ತಪ್ಪಾಯ್ತು' ಅಂದಿದ್ದು ಕೇಳಿಲ್ಲ ನಾನು. ಅವನು ಪ್ರತಿ ಕಂತಲ್ಲೂ ಅಂತಾನೆ ನೋಡು!"

"ಅಂತಾನೆ, ಸರಿ. ಅಂದಿದ್ದಕ್ಕೆ ಹುಡುಗೀನ ಬಹುಮಾನ ಕೊಡಬೇಕಾ? ಅವಳ ಅಣ್ಣ ಮಣ್ಣಲ್ಲಿದ್ದಾನೆ. ಅವಳು ಪ್ರೀತಿಸೋದೇ ಅವನ ಕ್ಷಮೆ ಅಂತಾದ್ರೆ, ಅಣ್ಣನಿಗೆ ಯಾರು ಉತ್ತರ ಹೇಳ್ತಾರೆ?"

ರಿಪೇರಿ ಮಾವ ಅಭ್ಯಾಸಬಲದಿಂದ ಮೇಜು ತಟ್ಟಿದರು. "ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ!"

ಮೆಟ್ಟಿಲ ಬಳಿ ನಿಂತಿದ್ದ ದಫೇದಾರ ಇವರಿಗೆಲ್ಲ ಹುಚ್ಚೇ ಎಂಬಂತೆ ಇನ್ಸ್‌ಪೆಕ್ಟರಮ್ಮನ ಕಡೆ ನೋಡಿದ. ಅವಳು ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಮಾತಿನ ಭರದಲ್ಲಿ ಜನ ಬಾಯಿಬಿಡುವಷ್ಟು ವಿಚಾರಣೆಯಲ್ಲಿ ಬಿಡುವುದಿಲ್ಲ.

"ನಂದು ಒಂದೇ ಪ್ರಶ್ನೆ," ಟೀಚರ್ ಬೆರಳು ಎತ್ತಿದಳು. "ಬಾಗಿಲ ತನಕ ವಾಪಸ್ ಬಂದ. ಮಂಡಿ ಊರಿದ. ಬಟ್ಟೆ ಎಳೆದ. ಕೈ ಎತ್ತಿದ್ರೆ ಚಿಲಕ ಸಿಗ್ತಿತ್ತಲ್ಲ, ಅದನ್ನ ಯಾಕೆ ತೆಗೀಲಿಲ್ಲ?"

ಬ್ಯಾಂಕಿನ ಅಕ್ಕ ಟೀ ಲೋಟ ಕೈಗೆತ್ತಿಕೊಂಡಳು.

"ಅವಳಿಗೆ ಮುಖ ತೋರಿಸೋ ಧೈರ್ಯ ಇರಲಿಲ್ಲ," ಎಂದ ಡ್ರೈವರಣ್ಣ, ಮೊದಲ ಸಲ ಬಾಯಿ ತೆರೆದು. ಆರಡಿ ಆಳು. ಗಿರಿಜಾ ಮೀಸೆ. ಕರಿಕೋಟಿನ ಹೆಸರು ಬಂದರೆ ಕಣ್ಣಲ್ಲಿ ನೀರು.

"ಧೈರ್ಯ ಇಲ್ಲದೋನಿಗೆ ಕ್ಷಮೆ ಕೇಳೋ ಹಕ್ಕಿದೆಯಾ?"

ಇನ್ಸ್‌ಪೆಕ್ಟರಮ್ಮ ಎದ್ದು ನಿಂತಳು. ಇನ್ನು ತಡೆಯುವುದು ಬೇಡ ಎನ್ನಿಸಿತು.

"ಒಂದು ಮಾತು ಹೇಳ್ತೀನಿ. ಈ ಕೋಣೆ ದಾಟಿ ಹೊರಗೆ ಹೋಗಬಾರದು. ಟೈಲರಕ್ಕ ಬದುಕಿ ಉಳಿದದ್ದು ಹೇಗೆ ಗೊತ್ತಾ? ಇಸ್ತ್ರಿ ಕೋಣೆಗೆ ಕಿಟಕಿ ಇಲ್ಲ. ಬಾಗಿಲ ಕೆಳಗಿನ ಸಂದಿಗೆ ಅಸ್ತರಿನ ಬಟ್ಟೆ ತುರುಕಿದ್ರು. ಹಾಗೇ ಬಿಟ್ಟಿದ್ರೆ ಅವತ್ತು ರಾತ್ರಿಯೇ ಅವಳ ಕಥೆ ಮುಗೀತಿತ್ತು. ಅರ್ಧ ಬಟ್ಟೇನ ಯಾರೋ ಹೊರಗಿಂದ ಎಳೆದಿದ್ದಾರೆ. ಎಳೆದ ಕಡೆ ನೂಲು ಕಿತ್ತುಬಂದಿದೆ. ಅಲ್ಲೇ ಬಾಗಿಲ ಮುಂದೆ, ಸುಣ್ಣದ ಪುಡಿಯಲ್ಲಿ, ಎರಡು ಮಂಡಿ ಊರಿದ ಗುರುತು."

ದಫೇದಾರ ಹೌದೆಂದು ತಲೆ ಆಡಿಸಿದ.

"ಇದು ನನಗೆ, ದಫೇದಾರರಿಗೆ, ಡಾಕ್ಟರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಪತ್ರಿಕೆಯವರಿಗೆ ಹೇಳಿಲ್ಲ. ಅವಳು ಸಿಕ್ಕಿದ್ದು ಭಾನುವಾರ ಸಂಜೆ. ನೀವು ಈ ಮಾತಾಡಿದ್ದು ಭಾನುವಾರ ಮಧ್ಯಾಹ್ನ."

ಬ್ಯಾಂಕಿನ ಅಕ್ಕನ ಕೈಯಲ್ಲಿದ್ದ ಟೀ ಲೋಟ ವಾಲಿ ಸೀರೆಯ ಮೇಲೆಲ್ಲ ಚೆಲ್ಲಿತು. ಬಿಸಿ ತಾಗಿದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಅಯ್ಯೋ," ಎಂದರು ರಿಪೇರಿ ಮಾವ. "ಅಯ್ಯೋ, ನಾವು ನಕ್ಕೆವಲ್ಲ ಅವತ್ತು. ಸೋಲ್ತೀನಿ ಅಂತ ಹೆದರಿ ಬಂದಿಲ್ಲ ಅವಳು ಅಂತ."

"ನಕ್ಕಿದ್ದಷ್ಟೇ ಅಲ್ಲ," ಎಂದಳು ಟೀಚರ್. "ಡ್ರೈವರಣ್ಣ ಕೂತ ಮೇಲೆ ಎಲ್ಲರೂ ಕೈ ಎತ್ತಿದೆವು. ಕ್ಷಮಿಸಿದೆವು. ನಾನೂ ಎತ್ತಿದೆ. ಎರಡು ವರ್ಷದಲ್ಲಿ ಮೊದಲ ಸಲ ನಾನು ಅವನಿಗೆ ಕೈ ಎತ್ತಿದ್ದು, ಆ ಬಟ್ಟೆ ಮಾತು ಕೇಳಿ. ಆಗ ಅವಳು ಅಲ್ಲಿ..."

ಯಾರೋ ತಾನು ಮಾಡಿದ್ದನ್ನು ಕರಿಕೋಟಿಗೆ ತೊಡಿಸಿ ಈ ಜನರ ಮುಂದೆ ನಿಲ್ಲಿಸಿದ್ದ. ನನ್ನಂಥವನಿಗೆ ಮಾಫಿ ಇದೆಯಾ ಎಂದು ಕೇಳಿದ್ದ. ಇದೆ ಎಂದು ಇವರು ಚಪ್ಪಾಳೆ ತಟ್ಟಿದ್ದರು.

ಎಲ್ಲರ ಕಣ್ಣೂ ಡ್ರೈವರಣ್ಣನ ಮೇಲೆ ನಿಂತವು.

"ನನ್ನ ಯಾಕೆ ಹಾಗೆ ನೋಡ್ತೀರಿ?" ಅವನು ಹಣೆ ಒರೆಸಿಕೊಂಡ. "ಮೇಡಂ, ನಮ್ಮ ನಿಯಮ ನಿಮಗೆ ಗೊತ್ತಿಲ್ಲ. ನಮ್ಮಲ್ಲಿ ಚೀಟಿ ಎತ್ತೋದು. ಯಾರಿಗೆ ಚೀಟಿ ಬರುತ್ತೋ ಅವರು ಕರಿಕೋಟಿನ ಪರ ವಾದ ಮಾಡಬೇಕು. ಅವನ ಮೇಲೆ ಪ್ರೀತಿ ಇರಲಿ, ದ್ವೇಷ ಇರಲಿ. ಅವತ್ತು ನನಗೆ ಬಂತು."

"ವಾದ ಮಾಡೋನಿಗೆ ಮಧ್ಯೆ ಯಾರು ಬೇಕಾದ್ರೂ ಬಂದು ಕಿವೀಲಿ ಒಂದು ಅಂಶ ಹೇಳಿಕೊಡಬಹುದು," ಎಂದಳು ಇನ್ಸ್‌ಪೆಕ್ಟರಮ್ಮ. "ಎದುರು ಪಕ್ಷದವರೂ ಹೇಳಬಹುದು. ಹೇಳಿದವರು ಯಾರು ಅಂತ ಮಾತ್ರ ಸತ್ತರೂ ಬಾಯಿಬಿಡಬಾರದು. ಅಲ್ವಾ? ಅತ್ತೆ ಹೇಳಿದ್ದಾರೆ."

ಡ್ರೈವರಣ್ಣ ಹೂಂಗುಟ್ಟಿದ.

"ಟೇಪಲ್ಲಿ ಗೊತ್ತಾಗುತ್ತೆ. ಬಟ್ಟೆ ಮಾತಿಗೆ ಮುಂಚೆ ನೀವು ಸುಮ್ಮನಾಗ್ತೀರಿ. ಕುರ್ಚಿ ಸರಿದ ಸದ್ದು. ಪಿಸುಮಾತು. ಆಮೇಲೆ ನಿಮ್ಮ ದನಿಗೆ ಒಮ್ಮೆಲೇ ಜೀವ ಬರುತ್ತೆ. ಯಾರು ಹೇಳಿದ್ದು?"

"ಯಾರೂ ಇಲ್ಲ. ನಾನೇ ಕಟ್ಟಿದೆ."

"ನೀವು ಕಟ್ಟಿದ್ದು?"

"ಹೂಂ. ಬಾಯಿಗೆ ಬಂತು, ಹೇಳ್ದೆ."

"ಹಾಗಾದ್ರೆ ಮಂಡಿ ಊರಿದ್ದೂ ನೀವೇ. ಎದ್ದೇಳಿ. ದಫೇದಾರ್ರೇ, ಬೇಡಿ ತನ್ನಿ."

"ಮೇಡಂ!" ಆರಡಿ ಆಳು ಹಿಂದಕ್ಕೆ ಸರಿದ. "ಶನಿವಾರ ನಾನು ಊರಲ್ಲೇ ಇರಲಿಲ್ಲ. ಮಕ್ಕಳನ್ನ ಪ್ರವಾಸಕ್ಕೆ ಕರಕೊಂಡು ಹೋಗಿದ್ದೆ. ಒಂದು ಬಸ್ ತುಂಬ ಜನ ಸಾಕ್ಷಿ ಇದ್ದಾರೆ!"

"ಗೊತ್ತು. ವಿಚಾರಿಸಿದ್ದೀನಿ. ಅದಕ್ಕೇ ಕೇಳ್ತಿರೋದು, ಯಾರನ್ನ ಕಾಪಾಡ್ತಿದ್ದೀರಿ?"

ಅವನು ತಲೆ ಬಗ್ಗಿಸಿದ.

ಅವಳು ಅವನ ಎದುರಿಗೇ ಸ್ಟೂಲು ಎಳೆದು ಕೂತಳು. ದನಿ ಇಳಿಸಿದಳು. "ಅಣ್ಣಾ, ಕಟಿಂಗ್ ಮಾಸ್ಟರ್ ಗೊತ್ತಲ್ಲ ನಿಮಗೆ? ಅವನ ಹೆಂಡತಿ ದಿನಾ ಬೆಳಿಗ್ಗೆ ಸ್ಟೇಷನ್ ಬಾಗಿಲಿಗೆ ಬಂದು ನಿಲ್ತಾಳೆ. ಬಸುರಿ. ಕೂತ್ಕೋ ಅಂದ್ರೆ ಕೂರಲ್ಲ. ಅವನೋ, ಒಂದೇ ಮಾತು. 'ಅಕ್ಕ ಎಚ್ಚರ ಆದಳಾ?' ಅದು ಬಿಟ್ಟು ಬೇರೆ ಕೇಳಿಲ್ಲ. ನಾಳೆ ಅವನನ್ನ ಕೋರ್ಟಲ್ಲಿ ನಿಲ್ಲಿಸೋಳು ನಾನೇ. ಅವನು ಈ ಕೋಣೆಗೆ ಕಾಲಿಟ್ಟೋನೇ ಅಲ್ಲ, ತಪ್ಪು ಮನುಷ್ಯನ್ನ ಹಿಡಿದಿದ್ದೀನಿ ಅಂತ ಈಗ ಗೊತ್ತಾಗ್ತಿದೆ. ನಿಮ್ಮ ನಿಯಮ ದೊಡ್ಡದು, ಇಲ್ಲ ಅನ್ನಲ್ಲ. ಹುಟ್ಟೋ ಮಗುವಿಗೆ ಅಪ್ಪ ಅದಕ್ಕಿಂತ ದೊಡ್ಡವನಲ್ವಾ?"

ಕೆಳಗೆ ಅಂಗಡಿಯಲ್ಲಿ ಯಾವುದೋ ಟಿ.ವಿ. ಗೊರಗೊರ ಎನ್ನುತ್ತಿತ್ತು.

"ಅವರು ಅಂಥವರಲ್ಲ ಮೇಡಂ," ಎಂದ ಡ್ರೈವರಣ್ಣ ಕೊನೆಗೆ. "ಅವರಿಂದ ಅಂಥ ಕೆಲಸ ಆಗೋದೇ ಇಲ್ಲ."

"ಯಾರಿಂದ?"

ಅವನು ತಲೆ ಎತ್ತಿದ. ಬ್ಯಾಂಕಿನ ಅಕ್ಕನ ಕಡೆ ನೋಡಲಿಲ್ಲ. ಟೀಚರಿನ ಕಡೆ ನೋಡಲಿಲ್ಲ. ರಿಪೇರಿ ಮಾವನ ಕಡೆಯೂ ಅಲ್ಲ. ಇನ್ಸ್‌ಪೆಕ್ಟರಮ್ಮನ ಹೆಗಲ ಮೇಲಿಂದ ಹಿಂದಕ್ಕೆ, ಬಾಗಿಲ ಕಡೆಗೆ ನೋಡಿದ. ನೋಡಿ, ತಪ್ಪು ಮಾಡಿದ ಮಗುವಿನ ಹಾಗೆ ಕಣ್ಣು ತಗ್ಗಿಸಿದ.

ಅವಳು ತಿರುಗಿದಳು.

ಬಾಗಿಲ ಬಳಿ ಇದ್ದದ್ದು ಬೆತ್ತದ ಕುರ್ಚಿ. ಅದರಲ್ಲಿ ಅವಳ ಅತ್ತೆ. ಹೆಣಿಗೆ ಕಡ್ಡಿ ಬೆರಳ ಸಂದಿನಲ್ಲಿ ಹಾಗೇ ನಿಂತಿತ್ತು. ಉಲ್ಲನ್ ಉಂಡೆ ಉರುಳಿಕೊಂಡು ಕುರ್ಚಿಯ ಕೆಳಗೆ ಸೇರಿದ್ದರೂ ಅವರಿಗೆ ಅರಿವಿಲ್ಲ. ಮುಖ ಬಿಳಿಚಿಕೊಂಡಿತ್ತು.

ಈ ಕೋಣೆಯಲ್ಲಿ ಯಾರ ಮೇಲೆಲ್ಲ ಅನುಮಾನ ಪಡಬೇಕು ಎಂದು ಇನ್ಸ್‌ಪೆಕ್ಟರಮ್ಮ ವಾರವೆಲ್ಲ ಅಳೆದು ಸುರಿದಿದ್ದಳು. ಪ್ರತಿ ಭಾನುವಾರ ಬರುವ ಅತ್ತೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯ ದೀಪದ ಕೆಳಗೆ ಯಾರು ಹುಡುಕುತ್ತಾರೆ?

"ಅತ್ತೆ?"

"ಹೌದು ಕಣೇ," ಎಂದರು ಅತ್ತೆ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ನಾನೇ ಅವನ ಕಿವೀಲಿ ಹೇಳಿದ್ದು."

"ನೀವು ಕಟ್ಟಿದ್ದಾ?"

"ನನಗೆಲ್ಲಿ ಬರುತ್ತೆ ಕಥೆ ಕಟ್ಟೋಕೆ? ಇದೆ ಅಂದ್ಕೊಂಡೆ. ಎರಡನೇ ಸೀಸನ್ ಬರುವಾಗ ಕಣ್ಣಿನ ಆಪರೇಷನ್ ಆಗಿತ್ತಲ್ಲ, ಎಷ್ಟೋ ಕಂತು ತಪ್ಪಿಹೋಗಿತ್ತು. ಇವರ ಮುಂದೆ ಹೇಳಿಕೊಳ್ಳೋಕೆ ನಾಚಿಕೆ. ನಿನ್ನ ಜೊತೆ ಈ ವಾರ ಕೂತಾಗ, ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದೆ. ಕಡೇ ಕಂತೂ ಮುಗೀತು. ಬರಲಿಲ್ಲ. ನಿನ್ನ ಕೇಳೋಣ ಅಂದ್ರೆ ನೀನು ಎದ್ದು ಹೋದೆ."

"ಯಾರು ಹೇಳಿದ್ದು ನಿಮಗೆ, ಇಂಥ ದೃಶ್ಯ ಇದೆ ಅಂತ?"

ಅತ್ತೆ ಕೂತಲ್ಲಿಂದಲೇ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅತ್ತೆ, ಕೇಳ್ತಿರೋದು ನಿಮ್ಮ ಸೊಸೆ ಅಲ್ಲ. ಪೊಲೀಸು. ಯಾರು ಹೇಳಿದ್ದು?"

"ಶನಿವಾರ ರಾತ್ರಿ ಅವನು ಊಟಕ್ಕೇ ಬರಲಿಲ್ಲ," ಎಂದರು ಅತ್ತೆ ಮೆಲ್ಲಗೆ. "ನೀನು ಡ್ಯೂಟೀಲಿದ್ದೆ. ನನ್ನ ಪಕ್ಕ ಬಂದು ನೆಲದ ಮೇಲೆ ಕೂತ. ಚಿಕ್ಕವನಿದ್ದಾಗ ಕೂರ್ತಿದ್ದ ಹಾಗೆ. 'ಅಮ್ಮಾ, ನಿನ್ನ ಸೀರಿಯಲ್ಲಲ್ಲಿ ಹೀಗೊಂದು ಬರುತ್ತಂತಲ್ಲ' ಅಂದ. ಎಂದೂ ಇಲ್ಲದೆ ಇವನಿಗೆ ನನ್ನ ಕರಿಕೋಟಿನ ಮೇಲೆ ಮನಸ್ಸಾಯ್ತಲ್ಲ ಅಂತ ಖುಷಿಯಾಯ್ತು ಕಣೇ ನನಗೆ. ಬಟ್ಟೆ, ಮಂಡಿ, ಎಲ್ಲ ಹೇಳಿದ. ಆಮೇಲೆ ಕೇಳಿದ, 'ಅಂಥವನನ್ನ ನಿಮ್ಮ ಸಂಘದವರು ಕ್ಷಮಿಸ್ತಾರಾ ಅಮ್ಮ? ನಾಳೆ ಕೇಳಿ ನೋಡು' ಅಂತ. ಕೇಳ್ತೀನಿ ಬಿಡೋ ಅಂದೆ."

ದಫೇದಾರ ಮೆಟ್ಟಿಲ ಕಡೆಗೆ ಮುಖ ತಿರುಗಿಸಿಕೊಂಡ.

"ನನ್ನ ಮಗ ಕಣೇ," ಎಂದರು ಅತ್ತೆ, ಅವಳಿಗೆ ಅರ್ಥವಾಗಿಲ್ಲವೇನೋ ಎಂಬಂತೆ. "ನಿನ್ನ ಗಂಡ."

ಇನ್ಸ್‌ಪೆಕ್ಟರಮ್ಮನಿಗೆ ಕೇಳಿಸಿತ್ತು. ಆದರೆ ಮಾತು ಕಿವಿಯ ಹತ್ತಿರವೇ ನಿಂತುಬಿಟ್ಟ ಹಾಗಿತ್ತು, ಒಳಗಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ, ಟೀ ಕುಡಿಯುತ್ತ, 'ಅಕ್ಕ ತಮ್ಮ ಭಾರೀ ಜಗಳ ಆಡ್ತಿದ್ರು ಕಣೆ' ಎಂದವನು ಅವನೇ. ಎಷ್ಟು ಸಲೀಸಾಗಿ ಹೇಳಿದ್ದ! ಅವಳು ಎಷ್ಟು ಸಲೀಸಾಗಿ ಹೋಗಿ ಒಬ್ಬ ಬಸುರಿಯ ಗಂಡನಿಗೆ ಬೇಡಿ ಹಾಕಿದ್ದಳು!

ಅವನಿಗೂ ಟೈಲರಕ್ಕನಿಗೂ ಏನು ಸಂಬಂಧ? ಮಿಷನ್ನು ರಿಪೇರಿ, ಸೂಜಿ, ಎಣ್ಣೆ. ಅಷ್ಟೇ ಅಲ್ಲವೇ? ಅಷ್ಟಕ್ಕೆ ಯಾರಾದರೂ ಯಾರನ್ನಾದರೂ ಕೂಡಿ ಹಾಕುತ್ತಾರೆಯೇ?

"ಮೇಡಂ, ಕೂತ್ಕೊಳ್ಳಿ," ಬ್ಯಾಂಕಿನ ಅಕ್ಕ ತೋಳು ಹಿಡಿದಳು. ಈಗಷ್ಟೇ ಬಾಯಿಗೆ ಬಾಯಿ ಕೊಡುತ್ತಿದ್ದ ಹೆಂಗಸಿನ ಕಣ್ಣಲ್ಲಿ ನೀರಿತ್ತು.

ಇನ್ಸ್‌ಪೆಕ್ಟರಮ್ಮ ಕೂರಲಿಲ್ಲ. ಜೇಬಿನಿಂದ ಫೋನ್ ತೆಗೆದಳು. ಗಂಡನ ನಂಬರ್ ಒತ್ತಿದಳು. ಕೋಣೆಯವರೆಲ್ಲ ಆ ರಿಂಗಿನ ಸದ್ದನ್ನೇ ಆಲಿಸುತ್ತ ನಿಂತರು.

ಎತ್ತಿದ್ದು ಒಂದು ಹೆಣ್ಣು ದನಿ.

"ಮೇಡಂ? ನಾನು, ಆಸ್ಪತ್ರೆ ನರ್ಸು. ಫೋನಲ್ಲಿ ನಿಮ್ಮ ಫೋಟೋ ಬಂತು, ಅದಕ್ಕೇ ಎತ್ತಿದೆ. ಸಾರ್ ಇದನ್ನ ಹೊರಗೆ ಬೆಂಚ್ ಮೇಲೆ ಬಿಟ್ಟು ಒಳಗೆ ಹೋಗಿದ್ದಾರೆ."

"ಎಲ್ಲಿ ಒಳಗೆ?"

"ಟೈಲರಕ್ಕನ ರೂಮಿಗೆ. ನೀವೇ ಕಳಿಸಿದ್ದು ಅಂದ್ರಲ್ಲ? ಕಾವಲಿಗಿದ್ದ ಪೇದೆ ಸಲ್ಯೂಟ್ ಹೊಡೆದು ಒಳಗೆ ಬಿಟ್ರು."

"ಆ ಪೇದೇನ ಕರೀರಿ!" ಅವಳ ಕೂಗಿಗೆ ಕೋಣೆಯೇ ಬೆಚ್ಚಿತು. "ಈಗಿಂದೀಗ ಬಾಗಿಲು ತಳ್ಳಿ ಒಳಗೆ ಹೋಗೋಕೆ ಹೇಳಿ! ಅವಳ ಹತ್ರ ಅವನನ್ನ ಬಿಡಬೇಡಿ!"

"ಗಾಬರಿಯಾಗಬೇಡಿ ಮೇಡಂ. ಕೆಟ್ಟ ಸುದ್ದಿ ಅಲ್ಲ," ನರ್ಸಿನ ದನಿಯಲ್ಲಿ ನಗುವಿತ್ತು. "ಟೈಲರಕ್ಕ ಕಣ್ಣು ಬಿಟ್ಟಿದ್ದಾರೆ. ಸಾರ್ ಕೂಗಿದ ಕೂಡಲೇ ಬಿಟ್ರು. ಡಾಕ್ಟರು ನೋಡಿದ್ರು, ಜೀವಕ್ಕೆ ಇನ್ನು ಭಯ ಇಲ್ಲ ಅಂದ್ರು. ಮಾತೂ ಬಂದಿದೆ. ನಾನೇ ನಿಮಗೆ ಫೋನ್ ಮಾಡೋಣ ಅಂತಿದ್ದೆ. ಆದರೆ..."

"ಆದರೆ ಏನು?"

ಆ ಕಡೆ ನರ್ಸು ತಡವರಿಸಿದಳು. ನಗು ಮಾಯವಾಗಿತ್ತು.

"ಹೇಗೆ ಹೇಳಲಿ ಮೇಡಂ... ಸಾರ್ ಹಾಸಿಗೆ ಪಕ್ಕ ಕೂತು ಅಳ್ತಿದ್ದಾರೆ. ಟೈಲರಕ್ಕ ಸಾರ್ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಬಿಡಿಸೋಕೆ ಹೋದ್ರೆ ಬಿಡ್ತಾ ಇಲ್ಲ. 'ನಿನ್ನ ಹೆಂಡತಿಗೆ ನಮ್ಮಿಬ್ಬರ ವಿಷಯ ಹೇಳ್ತೀನಿ ಅಂತ ನಾನು ಹೆದರಿಸಬಾರದಿತ್ತು' ಅಂತಿದ್ದಾರೆ. ಒಬ್ಬರನ್ನ ಮಾತ್ರ ಒಳಗೆ ಬಿಡಬೇಡಿ ಅಂತ ಒಂದೇ ಹಟ. ಪೇದೆ ಇರಲಿ, ಬೇರೆ ಯಾರೇ ಬರಲಿ ಪರವಾಗಿಲ್ಲವಂತೆ. ನೀವು ಮಾತ್ರ ಬರಬಾರದಂತೆ."